ಕೈ ಸುಮ್ಮನಿರಲಿ, ರೊಟ್ಟಿ ತಿರುಗಲಿ

ಗುಡೂರು, 21-8-1979

ಅವ್ವಾ,

ನೀ ಇದ್ದಾಗೂ ನಿನಗ ಓದಾಕ ಬರ್ತಿದ್ದಿಲ್ಲ, ಈಗಂತೂ ನೀನ ಇಲ್ಲ. ಅದಕ್ಕ ಧೈರ್ಯಾಗಿ ಬರಿಯಾಕತ್ತೀನಿ.

ಇವತ್ತು ಸಾಲಿಗೆ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಿದ್ರು. "ಡ್ರಾಯಿಂಗ್ ಮಾಸ್ತರ, ಕೈವಾರ ಇಲ್ಲದ ಒಂದು ವರ್ತುಳ ತಗೀರಿ ನೋಡೋಣು" ಅಂದ್ರು. ತಗದೆ. ಬದನಿಕಾಯಿ ಆತು. ಒರಸಿ ಮತ್ತ ತಗದೆ. ಈ ಸಲ ಬದನಿಕಾಯಿಗೆ ತೊಟ್ಟೂ ಬಂತು.

ಸಣ್ಣಾಂವ ಇದ್ದಾಗ ರೊಟ್ಟಿ ಬಡಿಯಾಕ ಕಲಿಸಿ ನೀ ಅಂದ ಮಾತು ಆವಾಗ ನೆನಪಾತು: "ಕೈ ಸುಮ್ಮನಿರಲೋ ಯಪ್ಪಾ, ರೊಟ್ಟಿ ತಿರುಗಲಿ." ಬೋರ್ಡ್ ಇಳಿಸಿ, ಬಕೆಟ್ ಬೋರಲು ಹಾಕಿ ಅದರ ತಳದ ಮ್ಯಾಲಿಟ್ಟು, ಹುಡುಗರಿಗೆ ತಿರುವ್ರಿ ಅಂದೆ. ನಾ ಸುಣ್ಣದ ಖಡು ಬೋರ್ಡಿಗೆ ಹಚ್ಚಿ ಹಿಡದು ಗೂಟದಂಗ ನಿಂತೆ. ನಿನ್ನ ಜೋಳದ ರೊಟ್ಟಿಯಂಥಾ ದುಂಡು ಬಿತ್ತು!

ಸಾಹೇಬ್ರು ಬಾಯಿ ತಕ್ಕೊಂಡು, "ಯಾರು ಕಲಿಸಿದ್ರು?" ಅಂದ್ರು.

"ಮುಂಬೈದಾಗ ಒಬ್ಬ ದೊಡ್ಡ ಕಲಾವಿದ್ರು, ಸರ್" ಅಂದೆ.

ಮುಂದ ಕುಂತಿದ್ದ ಸಾವಂತ್ರಿ ಎದ್ದು, "ನಮ್ಮವ್ವ ರೊಟ್ಟಿ ಹಿಂಗ ಬಡಿತಾಳ್ರೀ ಸರ್!" ಅಂತ ಒದರಿದಳು. ನಾ "ಕುಂದ್ರು" ಅಂದೆ. ನೀ ನನಗ ಸಾಲಿಗೆ ಬುತ್ತಿ ತರ್ತಿದ್ದಾಗ, "ಒಳಗ ಬರಬ್ಯಾಡ, ಬೇವಿನ ಗಿಡದ ಕೆಳಗ ಕುಂದ್ರು" ಅಂತಿದ್ನಲ್ಲಾ, ಅದ ದನಿ.

ಮಧ್ಯಾಹ್ನ ಸಾವಂತ್ರಿಯ ಅವ್ವ ಬುತ್ತಿ ತಂದಳು. ಒಳಗ ಕರದು ನನ್ನ ಕುರ್ಚಿ ತೋರಿಸಿದೆ. ಆಕಿ ಕುಂದರಲಿಲ್ಲ. ಬೋರ್ಡ್ ನೋಡಿ, ಸೆರಗು ಬಾಯಿಗಿಟ್ಟು ನಕ್ಕಳು.

"ಮಾಸ್ತರ, ಈ ಕಡೆ ಅಂಚು ಚೂರು ದಪ್ಪ ಆಗೇತಿ ನೋಡ್ರಿ."

ಖರೇನ ಆಗಿತ್ತವ್ವಾ.