ಮನೋಳಿಯ ಅಡಿಗಲ್ಲು ಸತ್ತಿರಲಿಲ್ಲ

ದೊಡವಾಡ
೯-೨-೨೦೨೫

ಮನೋಳಿಯ ಬೀಗತಿ ಕೃಷ್ಣವ್ವನವರಿಗೆ ದೊಡವಾಡದ ಬಾಯವ್ವ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬಿಟ್ಟೆ. ನಿಮಗೆ ಅಕ್ಷರ ಬರುವುದಿಲ್ಲ, ನನಗೆ ಬರುವುದು ಮೂರನೆಯ ಇಯತ್ತೆಯಷ್ಟೇ. ನನ್ನ ಮೊಮ್ಮಗಳು, ನಿಮ್ಮ ಸೊಸೆ ರೇಣು ಇದನ್ನು ಜೋರಾಗಿ ಓದಲಿ. ನಿಮ್ಮ ಮಗ ರಾಯಪ್ಪನೂ ಕುಲುಮೆ ಬಿಟ್ಟು ಬಂದು ಕುಳಿತು ಕೇಳಲಿ.

ಹೋದ ವಾರ ನಿಮ್ಮೂರ ಗಂಗಯ್ಯ ಬಂದಿದ್ದ. ರೇಣುವಿನ ಕೂಸಿಗೆ ನಾಲ್ಕು ತಿಂಗಳಾಗುತ್ತ ಬಂದರೂ ತೊಟ್ಟಿಲಿಗೆ ಹಾಕಿ ಹೆಸರು ಇಟ್ಟಿಲ್ಲವಂತೆ. ಕೇಳಿದವರಿಗೆ ನೀವು, “ಯಾವ ಸಂಭ್ರಮಕ್ಕ ಹೆಸರಿಡೂಣ್ರಿ? ಬರತಾ ಬರತಾ ಮನಿ ಅಡಿಗಲ್ಲನ್ನ ಹೊರಗ ಹಾಕಿದ ಕೂಸು ಅದು. ಅದರ ಕಾಲ್ಗುಣ ನೆಟ್ಟಗಿಲ್ಲ” ಅಂದಿರಂತೆ. ಗಂಗಯ್ಯ ಇದನ್ನು ನನಗೆ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಕೂಗಿ ಹೇಳಿದ. ಅದು ಯಾಕೆಂದು ಮುಂದೆ ಬರೆಯುತ್ತೇನೆ.

ನಿಮಗೆ ಗೊತ್ತಿದ್ದದ್ದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿರಿ. ಸವದತ್ತಿಯ ವ್ಯಾಪಾರಿಯೊಬ್ಬ, ಹಳೆಯ ಅಡಿಗಲ್ಲು ಕೊಟ್ಟರೆ ಅಷ್ಟೇ ತೂಕದ ಹೊಸದು ಕೊಡುತ್ತೇನೆ ಎಂದ. ನಿಮ್ಮ ಮಾವನವರ ಕಾಲದಿಂದ ಕಾದ ಕಬ್ಬಿಣ ಇಟ್ಟು ಬಡಿದದ್ದು ಅದರ ಮೇಲೆಯೇ. ಹೆಸರಿಗೆ ಕಲ್ಲು, ಮೈಯೆಲ್ಲ ಕಬ್ಬಿಣ, ಮುಖ ಉಕ್ಕು. ಕೊಡುವುದೋ ಬಿಡುವುದೋ ತಿಳಿಯದೆ ರಾಯಪ್ಪ ನನ್ನನ್ನು ಕರೆಸಿದ. “ಆಯೀ, ನಿಮ್ಮ ಕಿವಿ ಏನ ಅಂತೈತಿ ಹೇಳ್ರಿ, ಹಂಗ ಮಾಡತೇನಿ” ಅಂದ. ಮೂವತ್ತೆಂಟು ವರ್ಷ ಗಂಡನ ಎದುರು ನಿಂತು ಸಮ್ಮಟಿಗೆ ಎತ್ತಿ ಬಡಿದವಳು ನಾನು. ನಾಲ್ಕೂರ ಕಂಬಾರರು ಅಡಿಗಲ್ಲು ಕೊಳ್ಳುವ ಮುಂಚೆ ನನ್ನನ್ನೇ ಕರೆಯುತ್ತಿದ್ದರು.

ಮೊದಲು ಕಣ್ಣಿನಿಂದ ನೋಡಿದೆ. ಮುಖದ ಮೇಲೆ ದಾರ ಎಳೆದು ಹಿಡಿದರೆ ಅಡಿಯಲ್ಲಿ ಬೆಳಕು ತೂರಲಿಲ್ಲ, ತಗ್ಗು ಬಿದ್ದಿರಲಿಲ್ಲ. ಅಂಚು ಉದುರಿರಲಿಲ್ಲ. ಬೆಂಕಿಗೆ ಬಿದ್ದು ಹದ ಕಳೆದುಕೊಂಡ ಕಲ್ಲಿನ ಮೈ ಹಳೆಯ ಸುಣ್ಣದ ಗೋಡೆಯಂತೆ ಹಕ್ಕಳೆ ಏಳುತ್ತದೆ, ಅದೂ ಇರಲಿಲ್ಲ. ಆಮೇಲೆ ಸಣ್ಣ ಸುತ್ತಿಗೆಯನ್ನು ಸಡಿಲ ಹಿಡಿದು ಬಿಟ್ಟೆ. ಒಳ್ಳೆಯ ಉಕ್ಕು ಅದನ್ನು ತಿರುಗಿ ಎಸೆಯಬೇಕು. ಉಣ್ಣಲಿಕ್ಕೆ ಬಂದ ಅಳಿಯನಂತೆ ಅಲ್ಲೇ ಕುಂತುಬಿಟ್ಟರೆ ಅದು ಮೆತ್ತಗಿನ ಕಬ್ಬಿಣ. ರಾಯಪ್ಪಾ, ನಿನಗೆ ಅಂದದ್ದಲ್ಲಪ್ಪ. ನಿಮ್ಮ ಕಲ್ಲು ಎಸೆದ ಎಸೆತ ನನ್ನ ಮೊಣಕೈತನಕ ಬಂತು.

ಉಳಿದದ್ದು ಕಿವಿ. ಈ ತುದಿಯಿಂದ ಆ ತುದಿಗೆ ಬಡಿಯುತ್ತ ಹೋದರೆ ದನಿ ಒಂದೇ ಸಮ ಗಣಗಣ ಅನ್ನಬೇಕು. ಎಲ್ಲಿ ದನಿ ಕುಸಿಯುತ್ತದೋ ಅಲ್ಲಿ ಒಳಗೆ ಬಿರುಕು. ಬಡಿದೆ. ಏನೂ ಕೇಳಲಿಲ್ಲ.

ನೀವೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ಕಣ್ಣು, ಕೈ ಎರಡೂ ಕಲ್ಲು ಚಲೋ ಐತಿ ಅಂದಿದ್ದವು. ಆದರೆ ಊರು ಹೊಗಳುವುದು ನನ್ನ ಕಿವಿಯನ್ನಲ್ಲವೇ? “ಸತ್ತೈತಿ ಇದು, ಹೊರಗ ಹಾಕ್ರಿ” ಅಂದುಬಿಟ್ಟೆ. ನೀವು ಪಾಪ, “ಇನ್ನೊಮ್ಮಿ ನೋಡ್ರಿ ಬೀಗತೀ” ಅಂದಿರಿ. “ಇನ್ನೊಮ್ಮಿ ನೋಡವ್ರು ಬ್ಯಾರೆ, ನಾ ಅಲ್ಲ” ಅಂತ ಮಂದಿಯ ಮುಂದೆ ನಿಮ್ಮ ಬಾಯಿ ಮುಚ್ಚಿಸಿದೆ.

ವ್ಯಾಪಾರಿ ಕೊಟ್ಟ ಹೊಸದು ಬೀಡಿನದು, ಅಚ್ಚಿಗೆ ಎರೆದ ಪೆಡಸು ಕಬ್ಬಿಣ. ಒಂದು ತಿಂಗಳಿಗೆ ಅದರ ಮೂಲೆ ರೊಟ್ಟಿಯಂತೆ ಮುರಿದು ಬಿತ್ತು. ಹಳೆಯದು ಸವದತ್ತಿ ಪ್ಯಾಟಿಯಲ್ಲಿ ಒಂದೇ ಏಟಿಗೆ ಇಡೀ ಓಣಿ ತಿರುಗಿ ನೋಡುವ ಹಾಗೆ ನುಡಿಯಿತಂತೆ. ನೀವು ಓಡಿ ಹೋಗುವಷ್ಟರಲ್ಲಿ ಅದು ದೂರದ ಯಾರದೋ ಕೈಗೆ ಮಾರಿಹೋಗಿತ್ತು.

ಆಗ ನಿಮಗೆಲ್ಲ ಗೋಣಿಚೀಲದ ನೆನಪಾಯಿತು. ಬಾಣಂತಿಯ ಕೋಣೆಗೆ ಹತ್ತಿಕೊಂಡೇ ನಿಮ್ಮ ಕುಲುಮೆ. ಕೂಸು ಬೆಚ್ಚಿ ಏಳಬಾರದೆಂದು ರಾಯಪ್ಪ ಅಡಿಗಲ್ಲಿನ ಕೆಳಗೆ ಹಸಿ ಚೀಲ ಮಡಚಿಟ್ಟು, ಕಲ್ಲಿನ ಕೊರಳಿಗೆ ಸರಪಳಿ ಸುತ್ತಿದ್ದ. ಬಾಣಂತಿ ಇರುವ ಮನೆಯಲ್ಲಿ ಯಾವ ಕಂಬಾರನೂ ಮಾಡುವುದೇ. ಅದಕ್ಕೇ ದನಿ ಬರಲಿಲ್ಲ, ಆಯಿ ಮೋಸ ಹೋದಳು, ಎಲ್ಲ ಆ ಕೂಸಿನ ದೆಸೆಯಿಂದ ಎಂದಿರಿ. ನೀವು ಕೊಟ್ಟ ಆ ನೆವವನ್ನು ಎಲೆಯಡಿಕೆ ಸಂಚಿಯಲ್ಲಿ ಸಿಕ್ಕಿಸಿಕೊಂಡು ನಾನು ಸುಮ್ಮನೆ ಕುಳಿತೆ.

ಈಗ ಖರೇ ಮಾತು. ಚೀಲವೂ ಸರಪಳಿಯೂ ಆ ದಿನವೇ ನನ್ನ ಕಣ್ಣಿಗೆ ಬಿದ್ದಿದ್ದವು. ತೆಗೆಸಿ ಬಡಿಯುವುದು ರೀತಿ, ಸೊಕ್ಕಿಗೆ ತೆಗೆಸಲಿಲ್ಲ. ಅವು ದನಿಯನ್ನು ಗಿಡ್ಡ ಮಾಡುತ್ತವೆ, ಪೂರಾ ನುಂಗುವುದಿಲ್ಲ. ಸಂಜೆ ಊರಿಗೆ ಬಂದವಳೇ ಮನಸ್ಸು ತಡೆಯದೆ ನಮ್ಮ ಹಿತ್ತಲಿನ ಅಡಿಗಲ್ಲನ್ನು ಬಡಿದೆ. ಅದಕ್ಕೆ ಚೀಲವಿಲ್ಲ, ಸರಪಳಿಯಿಲ್ಲ. ಮಲಗಿದ್ದ ಓಣಿಯ ನಾಯಿ ಕಿವಿ ನಿಮಿರಿಸಿ ಎದ್ದು ನಿಂತಿತು. ನನಗೆ ಏನೂ ಕೇಳಲಿಲ್ಲ. ಕೃಷ್ಣವ್ವಾ, ನನ್ನ ಕಿವಿ ಹೋಗಿದೆ. ಮಂದಿಯ ತುಟಿ ನೋಡಿ ತಲೆ ಅಲ್ಲಾಡಿಸುತ್ತ ಎಷ್ಟು ದಿನ ಕಳೆದಿದ್ದೆನೋ ನನಗೇ ತಿಳಿದಿಲ್ಲ.

ವ್ಯಾಪಾರಿಯ ಗಾಡಿ ನಿಮ್ಮ ಮನೆಗೆ ಬಂದದ್ದು ಅದರ ಮೂರನೆಯ ದಿನ. ನಡುವಿನ ಎರಡು ದಿನ ನನ್ನ ಕೈಯಲ್ಲಿದ್ದವು. ಬಸ್ಸು ಇತ್ತು, ಬಾಜೂ ಮನೆಯಲ್ಲಿ ಫೋನು ಇತ್ತು. “ತಡೀರಿ, ನಾ ತಪ್ಪು ಹೇಳೇನಿ” ಅಂದಿದ್ದರೆ ಸಾಕಿತ್ತು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ನಿಮ್ಮ ಕಲ್ಲು ಹೋದರೆ ಹೋಗಲಿ ಎಂದು ಹೊಸ್ತಿಲ ಮೇಲೆ ಕುಳಿತು ಅಡಿಕೆ ಕತ್ತರಿಸಿದೆ. ಅದು ಕೂಸಿನ ತಲೆಗೆ ಬರುತ್ತದೆಂದು ಹೊಳೆಯಲಿಲ್ಲ ಎಂದು ಬರೆಯಲು ಹೊರಟೆ. ಹೊಳೆದಿತ್ತು.

ಹೋದ ಕಲ್ಲು ಬರುವುದಿಲ್ಲ. ನಮ್ಮದನ್ನು ಗುರುವಾರ ಟೆಂಪೋದಲ್ಲಿ ಕಳಿಸುತ್ತೇನೆ. ಬೈಲಹೊಂಗಲದ ಯಮನಪ್ಪನನ್ನು ಕರೆಸಿ ಬಡಿಸಿ ನೋಡಿದ್ದೇನೆ. ಬಲಗಡೆಯ ಅಂಚು ಉದುರಿದೆ, ನಿಮ್ಮದರಷ್ಟು ಒಳ್ಳೆಯದಲ್ಲ, ಆದರೆ ಗಟ್ಟಿ ಇದೆ ಎಂದ. ಅವನ ಮಾತು ನಂಬಿರಿ, ನನ್ನದು ಬೇಡ.

ಕೂಸನ್ನು ತೊಟ್ಟಿಲಿಗೆ ಹಾಕಿರಿ. ಓಣಿಯ ಹೆಂಗಸರನ್ನೆಲ್ಲ ಕರೆದು, “ಆ ಕಿವುಡ ಮುದುಕಿ ನಮ್ಮನ್ನ ಕೆಡಿಸಿದ್ಲು, ಕೂಸೇನ ಮಾಡೈತಿ” ಅಂತ ನಿಮ್ಮ ಬಾಯಿಂದಲೇ ಹೇಳಿರಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಹೇಗೂ ನನಗೆ ಕೇಳುವುದಿಲ್ಲ.

ನಿಮ್ಮ ಮನೆಯ ಮುಂದೆ ತಲೆ ಎತ್ತಲಾರದ,
ಬಾಯವ್ವ

ತಾ.ಕ.: ರೇಣು, ಇಲ್ಲಿಂದ ಮುಂದೆ ಜೋರಾಗಿ ಓದಬೇಡ, ಇದು ನಿನಗೊಬ್ಬಳಿಗೆ. ನೀನು ಹುಟ್ಟಿದ ಒಂಬತ್ತನೆಯ ದಿನ ನಿನ್ನ ಅಜ್ಜನ ಎಡಗೈಯ ಎರಡು ಬೆರಳು ಅಡಿಗಲ್ಲಿನ ಮೇಲೆ ಜಜ್ಜಿಹೋದವು. ಸೇರಿದ ಮಂದಿಗೆ “ಹೊಸಾ ಕೂಸಿನ ಕಾಲ್ಗುಣ” ಎಂದು ಮೊದಲು ಹೇಳಿದವಳು ನಾನು. ಸಮ್ಮಟಿಗೆ ನನ್ನ ಕೈಯಲ್ಲಿತ್ತು, ಏಟು ತಪ್ಪಿದ್ದು ನನ್ನದು. ಬಾಗಿಲಲ್ಲಿ ನಿಂತು ನೋಡಿದ್ದ ನಿಮ್ಮವ್ವ ಗಂಗಾ ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಸಾಯುವತನಕ ಆ ಮಾತು ಎತ್ತಲಿಲ್ಲ. ಇಂಥದೊಂದು ಪತ್ರವನ್ನು ಅವಳಿಗೆ ನಾನು ಬರೆಯಲಿಲ್ಲ.