ಓಟಿಗೆ ಬಂದ ಔಷಧದ ಬಾಟ್ಲಿ

ಚನ್ನಪಟ್ಟಣ
೧೬ ಫೆಬ್ರುವರಿ ೧೯೫೫

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ಸೋಲೂರಿನಲ್ಲಿ ನಿನ್ನ ಮಂಡಿನೋವು ಹೇಗಿದೆ? ನಿನ್ನ ಸೊಸೆ ಕಳಿಸಿದ ಎಣ್ಣೆಯನ್ನು ಕಾಲಿಗೆ ಹಚ್ಚುತ್ತಿದ್ದೀಯೋ, ಸಿಟ್ಟಿಗೆ ಅಕ್ಕನ ಮನೆಯ ಎಮ್ಮೆಗೆ ತಿಕ್ಕಿಬಿಟ್ಟೆಯೋ? ಅಕ್ಕ ಈ ಕಾಗದವನ್ನು ಒಂದಕ್ಷರ ಬಿಡದೆ ಓದಿಹೇಳಲಿ, ಸುದ್ದಿ ದೊಡ್ಡದು. ನಿನ್ನ ಸೊಸೆ ಗೆದ್ದಳು ಅವ್ವ! ಡಾಕ್ಟರ್ ವೆಂಕಟಲಕ್ಷ್ಮಮ್ಮ ಈಗ ಪುರಸಭೆಯ ಸದಸ್ಯೆ. "ಹೆಂಗ್ಸು ಓಟಿಗೆ ನಿಂತ್ಮೇಲೆ ನಾನೀ ಮನೇಲಿರಾಕಿಲ್ಲ ಕಣ್ಲಾ" ಎಂದು ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದೆಯಲ್ಲ, ಅಂದಿನಿಂದ ಅವಳು ನೆಟ್ಟಗೆ ಉಂಡಿಲ್ಲ. ಆದರೂ ಹಿಂದೆ ಸರಿಯಲಿಲ್ಲ. ನಮ್ಮ ಬೀದಿಯ ಮಾಯಮ್ಮ ಹೆರಿಗೆಗೆಂದು ಹೊರಟು ಬೆಂಗಳೂರಿನ ದಾರಿಯಲ್ಲಿ ಗಾಡಿಯಲ್ಲೇ ಹೆತ್ತು ಮಗುವನ್ನು ಕಳೆದುಕೊಂಡದ್ದು ನಿನಗೆ ಗೊತ್ತು. ನಮ್ಮ ವಾರ್ಡಿಗೊಂದು ಹೆರಿಗೆ ಕೋಣೆ ಕಟ್ಟಿಸಬೇಕೆಂಬ ಹಟಕ್ಕೇ ಅವಳು ನಿಂತದ್ದು.

ಓಟಿನ ದಿನ ಬೆಳಿಗ್ಗೆ ಮಾತ್ರ ಸೋತೇಹೋದೆವು ಎಂದುಕೊಂಡಿದ್ದೆ. ಮತಗಟ್ಟೆಯಲ್ಲಿ ಹೆಂಗಸರು ಅಧಿಕಾರಿ ಕೇಳಿದರೆ ತಮ್ಮ ಹೆಸರು ಹೇಳುತ್ತಿದ್ದರು. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ! ಪಕ್ಕದವಳು ಹೇಳಹೋದರೆ, ಎದುರಾಳಿ ರೇಷ್ಮೆ ವ್ಯಾಪಾರಿ ಪುಟ್ಟಸ್ವಾಮಿಯ ಏಜೆಂಟ್ "ಅದಾಗಾಕಿಲ್ಲ, ಅವ್ಳೇ ಹೇಳ್ಬೇಕು" ಎಂದು ಅಡ್ಡಗಾಲು ಹಾಕಿದ. ಒಬ್ಬೊಬ್ಬರೇ ನಾಚಿಕೊಂಡು ಮನೆಗೆ ತಿರುಗಿದರು. ಅವರೆಲ್ಲ ರೇಷ್ಮೆ ನೂಲು ತೆಗೆಯುವ ಮನೆಗಳವರು, ನಿನ್ನ ಸೊಸೆಯ ಕೈಗುಣವನ್ನು ಬಾಯಿತುಂಬ ಹೊಗಳುವವರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ನಾನು ತಲೆಮೇಲೆ ಕೈಹೊತ್ತು ಕೂತೆ.

ಆಗ ಅಂಕಯ್ಯನ ಹೆಂಡತಿ ಹನುಮಂತಮ್ಮ ಮನೆಗೆ ಓಡಿ ಕೆಮ್ಮಿನ ಔಷಧದ ಬಾಟ್ಲಿ ತಂದಳು. ಒಂದೇ ಬೀದಿಯಲ್ಲಿ ನಾಲ್ಕು ಜನ ಹನುಮಂತಮ್ಮಂದಿರಿರುವುದರಿಂದ, ಔಷಧ ಬೆರೆಸಿಕೊಡುವ ನಾನು ಬಾಟ್ಲಿಯ ಚೀಟಿಯಲ್ಲಿ ಗಂಡನ ಹೆಸರನ್ನೂ ಬರೆಯುತ್ತೇನಲ್ಲ, ಅದನ್ನು ಅಧಿಕಾರಿಯ ಮೂಗಿಗೆ ಹಿಡಿದು, "ನಮ್ಮೆಜಮಾನ್ರ ಹೆಸ್ರು ಇದ್ರಲ್ಲೈತೆ, ನೀವೇ ಓದ್ಕಳಿ ಸ್ವಾಮಿ" ಎಂದಳು. "ಡಾಕ್ಟ್ರಮ್ಮನ ಬಾಟ್ಲಿ ತಂದ್ರೆ ಪ್ರಚಾರ ಆಯ್ತದೆ" ಎಂದು ಏಜೆಂಟ್ ಹಾರಾಡಿದ. ಅಧಿಕಾರಿ ಕನ್ನಡಕ ಏರಿಸಿ "ಅಂಕಯ್ಯ" ಎಂದು ಓದಿ, ಪಟ್ಟಿ ನೋಡಿ, ಓಟಿನ ಕಾಗದ ಹರಿದು ಕೊಟ್ಟರು. ಆಮೇಲೆ ನೋಡಬೇಕಿತ್ತು ಅವ್ವ! ಮನೆಗೆ ಹೋದವರೆಲ್ಲ ಬಾಟ್ಲಿ ಹಿಡಿದು ಬಂದರು. ಸಾಲು ರಸ್ತೆಯವರೆಗೆ ಬೆಳೆಯಿತು. ನನ್ನ ಕೆಟ್ಟ ಕೈಬರಹವನ್ನು ಜೀವಮಾನದಲ್ಲಿ ಯಾರೂ ಅಷ್ಟು ಗೌರವದಿಂದ ಓದಿರಲಿಲ್ಲ.

ನಿನ್ನೆ ಎಣಿಕೆ ಮುಗಿದಾಗ ಊರೇ ನಿನ್ನ ಸೊಸೆಯ ಡಾಕ್ಟರ್ ಶಾಪಿಗೆ ನುಗ್ಗಿತು. ಬೊಂಬೆ ಮಾಡುವ ವಹಾಬ್ ಸಾಹೇಬರು ಮರದಲ್ಲಿ ಬಾಟ್ಲಿ ಕಡೆದು, ಅರಗಿನ ಬಣ್ಣ ಹಾಕಿ ತಂದುಕೊಟ್ಟರು. ನಿನ್ನ ಸೊಸೆ ಮಾತ್ರ "ಕಾಯಿಲೆಯೋರು ಮುಂದ್ಕೆ ಬನ್ನಿ, ಹಾರದೋರು ಹಿಂದೆ ನಿಂತ್ಕಳಿ" ಎಂದು ಗದರಿದಳು. ಪುಟ್ಟಸ್ವಾಮಿಯೂ ಬಂದ, ಹಾರವನ್ನೂ ಹಾಕಿದ, ನಾಡಿಯನ್ನೂ ತೋರಿಸಿಕೊಂಡ. ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಅಕ್ಕ, ಭಾವನಿಗೆ ನಮಸ್ಕಾರ. ಸಿಟ್ಟಿನಲ್ಲೇ ಆದರೂ ಸರಿ, ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ಇಂತಿ ನಿನ್ನ ಮಗ,
ಬೋರಲಿಂಗಯ್ಯ

ಮರೆತ ಮಾತು: ಟಪಾಲಿನ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಸೋಮವಾರ ಪ್ರಮಾಣವಚನ. ಅಲ್ಲಿ ತನ್ನ ಹೆಸರಿನೊಡನೆ ಗಂಡನ ಹೆಸರನ್ನೂ ಸಭೆಯ ಮುಂದೆ ಗಟ್ಟಿಯಾಗಿ ಓದಬೇಕಂತೆ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನನ್ನ ಹೆಸರನ್ನು ನಾನೇ ಕೇಳಿಲ್ಲ. ಡಾಕ್ಟರಾದರೇನು, "ಅತ್ತೆ ಬಂದು ಹೇಳು ಅಂದ್ರೆ ಹೇಳ್ತೀನಿ, ಇಲ್ದಿದ್ರೆ ಆ ಕುರ್ಚೀನೇ ಬ್ಯಾಡ" ಎಂದು ನಿನ್ನೆಯಿಂದ ಕೂತಿದ್ದಾಳೆ. ಭಾನುವಾರದ ಬಸ್ಸಿಗೆ ಬಂದುಬಿಡು ಅವ್ವ. ಆ ಹೆಸರಿಟ್ಟವಳು ನೀನೇ ಅಲ್ಲವೇ?