ಗೋಡೆ ಹಿಡಿಯುವ ಕೆಲಸ

ಮಾವ,

ನಿಮ್ಮ ಪುಟ್ಟ ರೈಲಿನ ಹಳಿಯ ಪಕ್ಕಕ್ಕೆಂದು ತಂದು, ಅರ್ಧಕ್ಕೇ ಬಿಟ್ಟುಹೋದ ಪ್ಲಾಸ್ಟಿಕ್ ಸ್ಟೇಷನ್ನಿಗೆ ಇವತ್ತು ಕೈ ಹಾಕಿದೆ. ಬಿಡಿಭಾಗಗಳ ಅಂಚು ಉಜ್ಜಿ, ಇಟ್ಟಿಗೆಯ ಸಂದುಗಳಿಗೆ ಬೂದುಬಣ್ಣ ತುಂಬಿದೆ. ಹೊಗೆ ಹಿಡಿದಂತೆ ಕಾಣಲೆಂದು ಚಾವಣಿಗೆ ಕಪ್ಪು ಪುಡಿಯನ್ನೂ ಸವರಿದೆ. ಇನ್ನು ಗೋಡೆ ಕೂಡಿಸಬೇಕು, ಅಂಟು ಬೇಕೆಂದು ನಿಮ್ಮ ಮೇಜಿನ ಖಾನೆ ಎಳೆದರೆ, ತುಂಬ ಕ್ಲಿಪ್ಪುಗಳು! ಗೋಡೆಗಳನ್ನು ಕಚ್ಚಿ ಹಿಡಿಯುವ ಪುಟ್ಟ ಕ್ಲಿಪ್ಪುಗಳು, ಒಂದೊಂದರ ಮೇಲೂ ಹಳೆಯ ಅಂಟಿನ ಕಲೆ.

ಅಲ್ಲ ಮಾವ, ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಯಾರ ಜೊತೆ ಏನು ಮಾತಾಡಬೇಕೆಂದು ತೋಚದೆ ಬಾಗಿಲಲ್ಲಿ ನಿಂತಿರುತ್ತಿದ್ದಾಗ, "ಬಾಮ್ಮ, ಈ ಗೋಡೆ ಸ್ವಲ್ಪ ಹಿಡ್ಕೊ. ನಂಗಿರೋದು ಎರಡೇ ಕೈ," ಎಂದು ಕರೆಯುತ್ತಿದ್ದಿರಲ್ಲ! ಅಂಟು ಆರುವವರೆಗೆ ಕದಲುವಂತಿರಲಿಲ್ಲ. ಈ ಮನೆಯಲ್ಲಿ ನಾನು ಬಾಯಿ ಬಿಟ್ಟದ್ದೇ ಆ ಮೇಜಿನ ಮುಂದೆ. ನಿಮಗೆ ದೊಡ್ಡ ಸಹಾಯ ಮಾಡಿದೆನೆಂದು ಇಷ್ಟು ವರ್ಷ ಬೀಗುತ್ತಿದ್ದೆ. ಭಲೇ ಕಳ್ಳರು ನೀವು!

ನೀವು ಹೋದಮೇಲೆ ಅತ್ತೆ ಮಾತೇ ಕಡಿಮೆ ಮಾಡಿದ್ದಾರೆ. ಇವತ್ತೂ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು. ನಾನು ಖಾನೆಯನ್ನು ಮೆಲ್ಲಗೆ ಮುಚ್ಚಿ ಕರೆದೆ.

"ಅತ್ತೆ, ಈ ಗೋಡೆ ಸ್ವಲ್ಪ ಹಿಡ್ಕೋತೀರಾ? ನಂಗಿರೋದು ಎರಡೇ ಕೈ."